ಲೇಸರಿನ ಕರೆಂಟ್ ಬಿಲ್ಲು
2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳು 2.05 ಮೆಗಾಜೂಲ್ ಶಕ್ತಿ ಸುರಿದು, ಪರಮಾಣು ಸಮ್ಮಿಳನದಿಂದ 3.15 ಮೆಗಾಜೂಲ್ ಹೊರಡಿಸಿದಾಗ ಜಗತ್ತೇ ಚಪ್ಪಾಳೆ ತಟ್ಟಿತು. ಆ ಲೇಸರ್ ನುಂಗಿದ ವಿದ್ಯುತ್ತು ಮಾತ್ರ ಸುಮಾರು 300 ಮೆಗಾಜೂಲ್! ಬಹುಪಾಲು ತಪ್ಪು ಲೇಸರಿನ ಗಾಜಿಗೆ ಬೆಳಕು ತುಂಬುವ ಫ್ಲ್ಯಾಶ್ ದೀಪಗಳದ್ದು. ಕಿರಣವನ್ನು ಬಲಪಡಿಸುವ, ನಿಯೋಡಿಮಿಯಂ ಬೆರೆಸಿದ ಆ ಗಾಜು ಹೀರಿಕೊಳ್ಳುವುದು ಕೆಲವೇ ಬಣ್ಣದ ಬೆಳಕನ್ನು. ಈ ದೀಪಗಳೋ ಎಲ್ಲ ಬಣ್ಣವನ್ನೂ ಚೆಲ್ಲುತ್ತವೆ, ಮಿಕ್ಕಿದ್ದೆಲ್ಲ ಬರೀ ಬಿಸಿ. ಗಾಜು ತಣಿಯಲು ಗಂಟೆಗಟ್ಟಲೆ ಕಾಯಬೇಕು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಮಾಡಿದಾಗ ಮಾಣಿಕ್ಯದ ಕಡ್ಡಿಯ ಸುತ್ತ ಇದ್ದದ್ದೂ ಇಂಥದೇ ಸುರುಳಿ ದೀಪ. ಅರವತ್ತು ವರ್ಷವಾದರೂ ಹಳೇ ಚಾಳಿ! ನಿಯೋಡಿಮಿಯಂಗೆ ಒಗ್ಗುವ, 800 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನಷ್ಟೇ ಕೊಡುವ ಡಯೋಡ್‌ಗಳು ಈಗಿವೆ. ದುಬಾರಿ, ನಿಜ. ಆದರೂ ಸಮ್ಮಿಳನದ ಕರೆಂಟ್ ಮನೆಗೆ ಬರಬೇಕಾದರೆ ಸರ್ಕಾರಗಳು ಡಯೋಡಿಗೇ ದುಡ್ಡು ಹಾಕಬೇಕು.