ಸೂರ್ಯಾಸ್ತಕ್ಕೆ ಬೆನ್ನು ಹಾಕಿ

ಈ ಲೇಖನ ಫೋಟೋಗಳ ಬಗ್ಗೆ. ಆದರೆ ಜೊತೆಗೆ ಒಂದು ಫೋಟೋವನ್ನೂ ಕೊಡಲಾರೆ. ನಮ್ಮ ಪತ್ರಿಕೆಯ ಸ್ಟೆನ್ಸಿಲ್ಲಿಗೆ ಅಕ್ಷರ ಹತ್ತುತ್ತದೆ, ಚಿತ್ರ ಹತ್ತುವುದಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನನ್ನ ಫೋಟೋಗಳನ್ನು ನೋಡಿದ್ದರೆ ನೀವು "ಭೇಷ್" ಎಂದು ಪುಟ ತಿರುವಿಬಿಡುತ್ತಿದ್ದಿರಿ. ನನಗೆ ಬೇಕಾದದ್ದು ಭೇಷ್ ಅಲ್ಲ, ಒಂದಿಷ್ಟು ಜಗಳ.

ಕಳೆದ ಚಳಿಗಾಲದ ರಜೆಯಲ್ಲಿ ನಮ್ಮ ಬಳಗದ ಎಂಟು ಜನ ಮುಂಬಯಿಯಿಂದ ರೈಲು ಹತ್ತಿ ಕುಮಟಾ, ಗೋಕರ್ಣ ನೋಡಿ, ಘಟ್ಟ ಹತ್ತಿ ಶಿರಸಿ ಸುತ್ತಿ ಬಂದದ್ದು ನಿಮಗೆ ಗೊತ್ತು. ಬಂದ ಮೇಲೆ ನಾನು ಇಪ್ಪತ್ತು ಚಿತ್ರಗಳನ್ನು ಆರಿಸಿ ಬಳಗದ ಕೋಣೆಯ ಗೋಡೆಗೆ ಅಂಟಿಸಿದ್ದೂ ಗೊತ್ತು. ಎಲ್ಲರೂ ಹೊಗಳಿದಿರಿ, ನಾನೂ ಉಬ್ಬಿದೆ. ಆಮೇಲೆ ಚಹಾ ತಂದ ನಮ್ಮ ಕ್ಯಾಂಟೀನಿನ ಅಣ್ಣ ಒಂದು ಚಿತ್ರದ ಮುಂದೆ ನಿಂತರು. ಕೆಂಪು ಆಕಾಶ, ಹಾಲಿನಂತೆ ನುಣ್ಣಗಿನ ನೀರು, ತುದಿಯಲ್ಲಿ ಬಾಗಿದ ಒಂದು ತೆಂಗು.

"ಚಂದ ಬಂದದೆ ತಮಾ. ಆದ್ರೆ ಇದು ಯಾವೂರು?"

ಅದು ಗೋಕರ್ಣದ ಪಕ್ಕದ ಅವರ ಸ್ವಂತ ಊರು! ಹುಟ್ಟಿ ಬೆಳೆದ ದಂಡೆ. ನಾನು ಹೆಸರು ಹೇಳಿದಾಗ ಅವರು ಮತ್ತೊಮ್ಮೆ ಹತ್ತಿರ ಹೋಗಿ ನೋಡಿದರು. "ಹೌದಾ? ಹಾಗಾದ್ರೆ ದೋಣಿ ಎಲ್ಲ ಎಲ್ಲಿ ಹೋದ್ವು? ಮೀನು ಒಣಗಿಸೋ ಜಾಗ ಇಲ್ಲೇ ಇರ್ಬೇಕಿತ್ತಲ್ಲ?"

ನಾನು ಉತ್ತರ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ. ದೋಣಿಗಳು ಅಲ್ಲೇ ಇದ್ದವು. ಅವು ಬರದ ಹಾಗೆ ನಾನು ಹತ್ತು ಹೆಜ್ಜೆ ಎಡಕ್ಕೆ ಸರಿದಿದ್ದೆ. ಒಣಮೀನಿನ ಹತ್ತಿರ ಕೂತಿದ್ದ ಒಬ್ಬ ಅಜ್ಜಿ ಮೂಲೆಯಲ್ಲಿ ಬಂದಿದ್ದರು. ಈಗಿನ ಫೋನುಗಳಲ್ಲಿ ಬೆರಳಿನಿಂದ ಒಮ್ಮೆ ಉಜ್ಜಿದರೆ ಬೇಡದ್ದು ಮಾಯವಾಗುವ ಸೌಕರ್ಯ ಬಂದಿದೆಯಲ್ಲ, ಅದರಿಂದ ಅಜ್ಜಿಯನ್ನು ಅಳಿಸಿದೆ. ಅವರಿದ್ದ ಜಾಗಕ್ಕೆ ಫೋನು ತಾನೇ ಮರಳು ತುಂಬಿತು. ಎಷ್ಟು ಸಲೀಸು!

ಅಂದಿನಿಂದ ತಲೆ ಕೊರೆಯುತ್ತಿರುವ ಮಾತು ಇದು. ಪ್ರವಾಸದಲ್ಲಿ ನಾವು ಕಡಲಿನದು, ಕಾಡಿನದು ಎಂದು ತೆಗೆಯುವ ಚಿತ್ರ ಯಾವುದರ ಚಿತ್ರ? ಆ ಊರಿನವನಿಗೇ ಗುರುತು ಸಿಗದ ಮೇಲೆ ಅದು ಆ ಊರಿನದು ಹೇಗಾದೀತು?

ಮೊದಲು ಬೆಳಕಿನ ವಿಷಯ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ಘಟ್ಟದ ಹಿಂದಿನಿಂದ ಏಳುತ್ತಾನೆ, ಸಂಜೆ ಎದುರಿಗೆ ನೀರಿನಲ್ಲಿ ಮುಳುಗುತ್ತಾನೆ. ನಾವು ದಂಡೆಗೆ ಹೋಗುವುದು ಸಂಜೆ. ಕ್ಯಾಮೆರಾ ಹಿಡಿಯುವುದು ನೇರ ಸೂರ್ಯನಿಗೆ. ಆಗ ಏನಾಗುತ್ತದೆ? ಆಕಾಶ ತುಂಬ ಬೆಳಗಿರುತ್ತದೆ, ದಂಡೆ ಮಬ್ಬಾಗಿರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ನಮ್ಮ ಕಣ್ಣಿಗಿರುವಷ್ಟು ಫಿಲ್ಮಿಗೂ ಇರಲಿಲ್ಲ, ಇಂದಿನ ಡಿಜಿಟಲ್ ಕ್ಯಾಮೆರಾಕ್ಕೂ ಇಲ್ಲ. ಆಕಾಶದ ಬಣ್ಣ ಉಳಿಸಬೇಕೆಂದರೆ ಬೆಳಕನ್ನು ಕಡಿಮೆ ಒಳಗೆ ಬಿಡಬೇಕು. ಬಿಟ್ಟ ಕೂಡಲೆ ನಡುವೆ ನಿಂತವರೆಲ್ಲ ಕಪ್ಪು ಆಕಾರಗಳಾಗುತ್ತಾರೆ. ಬಲೆ ಎಳೆಯುವವನೂ ಕಪ್ಪು, ಬುಟ್ಟಿ ಹೊತ್ತವಳೂ ಕಪ್ಪು. ಮುಖವಿಲ್ಲ, ವಯಸ್ಸಿಲ್ಲ, ಅಂಗಿಯ ಬಣ್ಣವಿಲ್ಲ. ನಾವು ಅದಕ್ಕೆ "ನೆರಳು-ಬೆಳಕಿನ ಆಟ" ಎಂದು ಶೀರ್ಷಿಕೆ ಕೊಡುತ್ತೇವೆ. ಇನ್ನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಷಟರನ್ನು ಹಲವು ಸೆಕೆಂಡು ತೆರೆದಿಟ್ಟರೆ ಅಲೆಗಳೂ ಕರಗಿ ಹಾಲಾಗುತ್ತವೆ. ಆ ಹೊತ್ತಿನಲ್ಲಿ ಅತ್ತಿತ್ತ ಓಡಾಡಿದ ಮನುಷ್ಯರ ಗುರುತೂ ಬೀಳುವುದಿಲ್ಲ.

ನನ್ನ ವಾದ ಇಷ್ಟೆ: ಅದೇ ಸಂಜೆ, ಅದೇ ಜಾಗದಲ್ಲಿ, ಅರ್ಧ ಸುತ್ತು ತಿರುಗಿ ನಿಲ್ಲಿ. ಸೂರ್ಯಾಸ್ತಕ್ಕೆ ಬೆನ್ನು ಹಾಕಿ. ಅದೇ ಹೊಂಬಣ್ಣದ ಬೆಳಕು ಈಗ ನಿಮ್ಮ ಬೆನ್ನಿನಿಂದ ಹರಿದು ಊರಿನ ಮೇಲೆ ಬೀಳುತ್ತಿರುತ್ತದೆ. ತೆಂಗಿನ ಸಾಲು, ಹೆಂಚಿನ ಮಾಡು, ದೋಣಿಯ ಮೂತಿಗೆ ಬಳಿದ ಬಣ್ಣ, ಬಲೆ ಹೊಲಿಯುವವನ ಬೆರಳು, ಎಲ್ಲವೂ ಬೆಳಗಿರುತ್ತವೆ. ಕೊರೆತ ತಡೆಯಲೆಂದು ದಂಡೆಗೆ ಸುರಿದ ಕರಿಬಂಡೆಗಳೂ ಕಾಣುತ್ತವೆ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಆ ಬಂಡೆಗಳನ್ನು ಬಿಟ್ಟು ಕಡಲನ್ನು ಹೇಳುವುದೆಂದರೆ ಅರ್ಧ ಸುಳ್ಳು ಹೇಳಿದಂತೆ.

ಈ ಪಾಠವನ್ನು ನನಗಿಂತ ಮೊದಲು ನಮ್ಮ ಸೋದರಮಾವ ಕಲಿತಿದ್ದರು, ತಮಗೇ ಗೊತ್ತಿಲ್ಲದೆ. ಎಪ್ಪತ್ತರ ದಶಕದಲ್ಲಿ ಅವರು ಮುಂಬಯಿಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಸಂಬಳ ಉಳಿಸಿ ಒಂದು ಆಗ್ಫಾ ಕ್ಲಿಕ್ 3 ಕೊಂಡಿದ್ದರು. ಒಂದು ರೋಲಿಗೆ 12 ಚಿತ್ರ. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬಂದಾಗ ಒಂದೇ ರೋಲು. ಕಪ್ಪು-ಬಿಳಿ ರೋಲಿನಲ್ಲಿ ಅವರು ಸೂರ್ಯಾಸ್ತ ತೆಗೆಯುತ್ತಿದ್ದರು! ಈಗ ಆಲ್ಬಮ್ಮಿನಲ್ಲಿ ನೋಡಿದರೆ ಬೂದು ನೀರು, ಬೂದು ಆಕಾಶ, ನಡುವೆ ಒಂದು ಬಿಳಿ ಬೊಟ್ಟು. ಅಂಥವು ಸಾಲಾಗಿವೆ. ಹಾಗೊಂದು ವರ್ಷ ಕೊನೆಯ ಚಿತ್ರ ಉಳಿದುಬಿಟ್ಟಿತಂತೆ. "ಹಾಳಾಗಿ ಹೋಗ್ಲಿ, ರೋಲು ಮುಗೀಬೇಕಲ್ಲ, ತೊಳೆಯೋಕೆ ಕೊಡ್ಬೇಕಲ್ಲ" ಎಂದು ಹಿಂದೆ ತಿರುಗಿ ಕ್ಲಿಕ್ ಎನಿಸಿದರಂತೆ. ಅದರಲ್ಲಿ ರಂಪಣಿ ಎಳೆಯುವವರು ಬಂದಿದ್ದಾರೆ.

ರಂಪಣಿ ಎಂದರೆ ದಡದಿಂದ ಎಳೆಯುವ ಭಾರಿ ಬಲೆ. ಬಂಗಡೆಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಸುತ್ತು ಹಾಕಿ ಬಲೆ ಬಿಟ್ಟು, ಎರಡು ತುದಿಗಳನ್ನೂ ಊರಿನ ಜನ ಸಾಲಾಗಿ ನಿಂತು ಎಳೆಯಬೇಕು. ಹತ್ತಾರು ಮನೆಗಳ ಕೆಲಸ, ಹತ್ತಾರು ಮನೆಗಳ ಪಾಲು. ಎಪ್ಪತ್ತರ ದಶಕದ ನಡುವಿನಿಂದ ಪರ್ಸಿನ್ ಬಲೆಯ ಯಂತ್ರದೋಣಿಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಅವು ಕಡಲಿನಲ್ಲೇ ಸುತ್ತುಗಟ್ಟಿದವು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಸಣ್ಣ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಮಾವನ ಆಲ್ಬಮ್ಮನ್ನು ಊರಿನವರು ಕೇಳಿ ತರಿಸಿಕೊಳ್ಳುವುದು ಆ ಒಂದು ಚಿತ್ರಕ್ಕೆ. "ಇವನು ನಮ್ಮಪ್ಪ, ಅವನು ನಿನ್ನ ದೊಡ್ಡಪ್ಪ" ಎಂದು ಬೆರಳಿಟ್ಟು ತೋರಿಸುತ್ತಾರೆ. ಸೂರ್ಯಾಸ್ತಗಳ ಮೇಲೆ ಯಾರೂ ಬೆರಳಿಟ್ಟದ್ದು ನಾನು ನೋಡಿಲ್ಲ. ಸೂರ್ಯ ನಾಳೆಯೂ ಮುಳುಗುತ್ತಾನೆ.

ನಮ್ಮ ರೈಲಿನ ಕಥೆಯೂ ಇದೇ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಮುಂಬಯಿ ಕನ್ನಡಿಗರಿಗೆ ಕರಾವಳಿ ಒಂದು ರಾತ್ರಿಯ ದೂರವಾಯಿತು. ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾದಲ್ಲಿ ಊರಿಗೆ ಹೋಗುವಾಗ ಉತ್ತರ ಕನ್ನಡವನ್ನು ನಾವು ನಿದ್ದೆಯಲ್ಲಿ ದಾಟುತ್ತೇವೆ. ತಿರುಗಿ ಬರುವಾಗ ಮಾತ್ರ ಬೆಳಕಿರುತ್ತದೆ. ಹೊನ್ನಾವರದಲ್ಲಿ 2 ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆಯ ಮೇಲೆ ಗಾಡಿ ಬಂದಾಗ ಬೋಗಿಯವರೆಲ್ಲ ಎಡಗಡೆಗೆ, ಕಡಲ ಬದಿಗೆ ನುಗ್ಗುತ್ತಾರೆ. ಬಲಗಡೆ ಖಾಲಿ. ಸಂಜೆಯ ಬಿಸಿಲು ಬಿದ್ದಿರುವುದು ಆ ಬಲಗಡೆಯ ಹೊಳೆಯ ಮೇಲೆ, ಕುದುರುಗಳ ಮೇಲೆ, ಹಿಂದಿನ ಘಟ್ಟದ ಸಾಲಿನ ಮೇಲೆ.

ಇನ್ನು ಸ್ವಲ್ಪ ಮುಂದೆ ಕುಮಟಾದ ಬಳಿ ಅಘನಾಶಿನಿ. ಅಣೆಕಟ್ಟು ಕಾಣದೆ ಕಡಲಿಗೆ ಸೇರುವ ನದಿ. ಅದರ ಅಳಿವೆಯಲ್ಲಿ ಕನ್ನಡಿಯಂತೆ ನಿಂತ ನೀರು ನೋಡಿ ನಾನು "ನಿರ್ಜನ" ಎಂಬ ಹೆಸರಿನ ಚಿತ್ರ ತೆಗೆದಿದ್ದೆ. ಆಮೇಲೆ ತಿಳಿಯಿತು, ಅದು ಗಜನಿ. ಅಂದರೆ ಗದ್ದೆ! ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ. ಬೆಳೆ ಮುಗಿದ ಮೇಲೆ ನೀರು ಬಿಟ್ಟುಕೊಂಡು ಸಿಗಡಿ, ಮೀನು ಹಿಡಿಯುತ್ತಾರೆ. ಆ ನೀರನ್ನು ಕಟ್ಟಿ ನಿಲ್ಲಿಸಿದ ಒಡ್ಡಿಗೆ ಮಣ್ಣು ಹೊತ್ತವರಿದ್ದಾರೆ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ಅಳಿವೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಬಳಚು ಆಯುವ ಹೆಂಗಸರು. ಇಷ್ಟು ಜನರ ದುಡಿಮೆಯ ಜಾಗಕ್ಕೆ ನಾನಿಟ್ಟ ಹೆಸರು ನಿರ್ಜನ. ನಾಚಿಕೆಯಾಗುತ್ತದೆ.

ಕಾಡಿನ ಚಿತ್ರಗಳಲ್ಲೂ ಇದೇ ತಪ್ಪು. ಘಟ್ಟದ ದಟ್ಟ ಕಾಡಿನಲ್ಲಿ ನಡುಹಗಲ ಬಿಸಿಲು ಕೆಟ್ಟದ್ದು, ಎಲೆಯ ಮೇಲೆ ಬಿಳಿ ಚುಕ್ಕಿ, ಬುಡದಲ್ಲಿ ಕಗ್ಗತ್ತಲು. ಮೋಡ ಮುಸುಕಿದ ದಿನ, ಮಳೆ ನಿಂತ ಕೂಡಲೆ, ತೆಗೆದ ಚಿತ್ರದಲ್ಲೇ ಹಸಿರಿನ ನಿಜವಾದ ಬಗೆಗಳು ಕಾಣುತ್ತವೆ. ಇದನ್ನು ಯಾರೂ ಹೇಳಿಕೊಡುತ್ತಾರೆ. ಯಾವ ಹಸಿರು ಯಾವುದು ಎಂದು ಹೇಳಿಕೊಡುವವರು ಕಡಿಮೆ. ಹಸಿರೆಲ್ಲ ಕಾಡಲ್ಲ. ರಸ್ತೆ ಬದಿಯಲ್ಲಿ ಮೈಲುಗಟ್ಟಲೆ ನಿಂತ ಅಕೇಸಿಯಾ ನೆಟ್ಟು ಬೆಳೆಸಿದ್ದು, ಆಸ್ಟ್ರೇಲಿಯಾ ಕಡೆಯ ಮರ. ಶಿರಸಿಯ ಸುತ್ತ ಕೊಂಬೆಗಳಿಲ್ಲದೆ ಬೋಳಾಗಿ ನಿಂತ ಮರಗಳನ್ನು ಕಂಡು ನಾವು "ಛೆ, ಹಾಳು ಮಾಡಿದ್ದಾರೆ" ಎಂದು ಕ್ಯಾಮೆರಾ ಮಡಚಿದೆವು. ಅದು ಸೊಪ್ಪಿನಬೆಟ್ಟ. ಅಡಿಕೆ ತೋಟಕ್ಕೆ ಗೊಬ್ಬರವಾಗಲೆಂದು ಅಲ್ಲಿಂದ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸುತ್ತಾರೆ. ಅತಿಯಾಗಿ ಕಡಿದರೆ ಬೆಟ್ಟ ಸಾಯುತ್ತದೆ, ಅಳತೆಯಲ್ಲಿ ಕಡಿದರೆ ಚಿಗುರುತ್ತದೆ. ತೋಟದ ಬಾಳು ಆ ಬೆಟ್ಟದ ಮೇಲೆ ನಿಂತಿದೆ. ಅದೇ ಶಿರಸಿ ತಾಲೂಕಿನ ಸಾಲ್ಕಣಿಯವರು 1983ರ ಸೆಪ್ಟೆಂಬರಿನಲ್ಲಿ ಕಾಡಿಗೆ ಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಮನುಷ್ಯರನ್ನು ಚೌಕಟ್ಟಿನಿಂದ ಹೊರಗಿಟ್ಟು ನಾವು "ಮುಟ್ಟದ ಕಾಡು" ಎನ್ನುತ್ತೇವೆ. ಮುಟ್ಟಿದವರು, ಅಪ್ಪಿದವರು ಇದ್ದದ್ದರಿಂದಲೇ ಕೆಲವು ಕಡೆ ಕಾಡು ಉಳಿಯಿತು.

ಇದೆಲ್ಲ ಬರೀ ರುಚಿಯ ಪ್ರಶ್ನೆ ಅನ್ನಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜನ ಸತ್ತರು. ಒಂದು ಬದಿಗೆ ಗಂಗಾವಳಿ ಹೊಳೆ, ಇನ್ನೊಂದು ಬದಿಗೆ ಗುಡ್ಡ. ಪ್ರವಾಸಿಗರು ಗಾಡಿ ನಿಲ್ಲಿಸಿ ಹೊಳೆಯ ಫೋಟೋ ತೆಗೆಯುವಂಥ ಜಾಗ. ರಸ್ತೆಗಾಗಿ ನೆಟ್ಟಗೆ ಕಡಿದ ಗುಡ್ಡಗಳ ಚಿತ್ರವನ್ನು ನಮ್ಮಲ್ಲಿ ಯಾರಾದರೂ ತೆಗೆದಿದ್ದೇವೆಯೆ? ನನ್ನ ನಾನೂರು ಚಿತ್ರಗಳಲ್ಲಿ ಒಂದೂ ಇಲ್ಲ. ಹುಡುಕಿ ನೋಡಿದೆ.

ಗೆಳೆಯನೊಬ್ಬ ಇದನ್ನು ಕೇಳಿ ರೇಗಿದ: "ಅಲ್ಲ ಮಾರಾಯ, ನಾಲ್ಕು ದಿನ ರಜೆ, ಲೋಕಲ್ ಗಾಡಿಯ ನೂಕುನುಗ್ಗಲಿಂದ ತಪ್ಪಿಸಿಕೊಂಡು ಹೋಗಿರ್ತೀವಿ. ಅಲ್ಲೂ ಜನ ಬೇಕಾ? ಪ್ರತಿ ಫೋಟೋನೂ ಅರ್ಜಿ ಆಗ್ಬೇಕಾ?" ಅವನ ಮಾತಿನಲ್ಲಿ ಅರ್ಧ ನಿಜವಿದೆ. ಖಾಲಿ ದಂಡೆಯ ಮುಂದೆ ಮನಸ್ಸು ಹಗುರಾಗುವುದು ಸುಳ್ಳಲ್ಲ. ಚಂದವನ್ನು ನೋಡಬೇಡಿ ಎಂದು ನಾನೂ ಹೇಳುತ್ತಿಲ್ಲ. ಒಂದು ಸೂರ್ಯಾಸ್ತ ತೆಗೆಯಿರಿ, ಎರಡು ತೆಗೆಯಿರಿ. ಆದರೆ ಇನ್ನೊಬ್ಬರ ಊರನ್ನು ನಮ್ಮ ಆಯಾಸ ಕಳೆಯುವ ಹಾಸಿಗೆ ಮಾಡಿಕೊಂಡು, ಅಲ್ಲಿಯವರನ್ನೇ ಅದರಿಂದ ಎಬ್ಬಿಸಿ ಕಳಿಸುವುದು ನ್ಯಾಯವೆ? ಅವರಲ್ಲಿ ಬಹಳ ಜನ ನಮ್ಮ ಅಜ್ಜ ಅಜ್ಜಿಯರು, ಅತ್ತೆ ಮಾವಂದಿರು. ಹೊರನಾಡಿನಲ್ಲಿ ಹುಟ್ಟಿದ ನಮಗೆ ಊರು ಎಂದರೆ ಈಗಾಗಲೇ ಅರ್ಧ ಫೋಟೋ ಆಗಿದೆ. ಆ ಅರ್ಧದಲ್ಲೂ ಜನ ಇಲ್ಲದಿದ್ದರೆ ಉಳಿಯುವುದೇನು?

ಹಾಗೆಂದು ಕಂಡಕಂಡವರ ಮುಖಕ್ಕೆ ಕ್ಯಾಮೆರಾ ಹಿಡಿಯಿರಿ ಎಂದಲ್ಲ. ಅದು ಅಳಿಸುವುದಕ್ಕಿಂತ ಕೆಟ್ಟದ್ದು. ಮೊದಲು ಮಾತಾಡಿ, ಕೇಳಿ, ಬೇಡವೆಂದರೆ ಕ್ಯಾಮೆರಾ ಕೆಳಗಿಡಿ. ಒಪ್ಪಿದರೆ ಹೆಸರು, ಊರು, ತಾರೀಕು ಬರೆದಿಟ್ಟುಕೊಳ್ಳಿ, ಒಂದು ಪ್ರಿಂಟು ಅವರಿಗೂ ಕಳಿಸಿ. ಕಳಿಸುತ್ತೇನೆಂದು ಹೇಳಿ ಕಳಿಸದಿರುವ ನಮ್ಮ ಚಾಳಿಯನ್ನು ಅವರು ಚೆನ್ನಾಗಿ ಬಲ್ಲರು.

ಆ ಚಿತ್ರವನ್ನು ಗೋಡೆಯಿಂದ ತೆಗೆದಿದ್ದೇನೆ. ಅಜ್ಜಿ ಇರುವ ಮೂಲ ಪ್ರತಿ ಫೋನಿನಲ್ಲಿ ಉಳಿದಿತ್ತು. ಅದನ್ನು ಕ್ಯಾಂಟೀನಿನ ಅಣ್ಣನಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, "ಇವ್ರು ನಮ್ಮ ಮನೆ ಬದಿಯವ್ರೇ" ಎಂದರು. ಆಮೇಲೆ, "ಮತ್ತೆ ಹೋದ್ರೆ ನಮ್ಮ ತಂಗಿ ಮನೆ ಅಂಗಳದ್ದೂ ಒಂದು ತೆಗೆದು ತಾ. ಹೋಗದೆ ಮೂರು ವರ್ಷ ಆಯ್ತು" ಎಂದರು. ಬರುವ ರಜೆಗೆ ಟಿಕೆಟ್ ತೆಗೆಯಬೇಕು. ಬರುವವರು ಹೆಸರು ಕೊಡಿ.