ಬಾವುಟ ಬಿಡಿ, ಪಟ್ಟಿ ಹಿಡಿಯಿರಿ

ಚುನಾವಣೆ ಬಂತೆಂದರೆ ಕೇರಿಗೆ ಜೀಪು ಬರುತ್ತದೆ. ಐದು ವರ್ಷ ನಮ್ಮ ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡಿದ್ದವರು ಆ ಹದಿನೈದು ದಿನ ನಮ್ಮ ಜಗುಲಿ ಮೇಲೆ ಕೂತು ನೀರು ಕೇಳುತ್ತಾರೆ. ಹೋಗುವಾಗ ನಮ್ಮ ಹುಡುಗರ ಕೈಗೆ ಬಾವುಟ, ಹೆಗಲಿಗೆ ಶಾಲು, ಬೈಕಿಗೆ ಪೆಟ್ರೋಲು ಕೊಟ್ಟು, 'ಇವತ್ತಿಂದ ನೀನು ನಮ್ಮ ಕಾರ್ಯಕರ್ತ ಕಣಯ್ಯ' ಅಂತ ಬೆನ್ನು ತಟ್ಟುತ್ತಾರೆ.

ಕಾರ್ಯಕರ್ತ! ಯಾವ ಕಾರ್ಯಕ್ಕೆ ಕರ್ತ ಇವನು? ಕುರ್ಚಿ ಹಾಕೋದು, ಶಾಮಿಯಾನ ಕಟ್ಟೋದು, ಜನರನ್ನು ಲಾರಿಗೆ ತುಂಬೋದು, ಗಂಟಲು ಹರಿಯುವಂತೆ ಜೈಕಾರ ಹಾಕೋದು. ಅಭ್ಯರ್ಥಿ ಯಾರಾಗಬೇಕು ಅಂತ ಇವನನ್ನು ಯಾರೂ ಕೇಳುವುದಿಲ್ಲ. ಕೇರಿಯ ಸ್ಮಶಾನದ ಮಾತು ಪ್ರಣಾಳಿಕೆಯಲ್ಲಿ ಬರಬೇಕೇ ಬೇಡವೇ ಅಂತಲೂ ಕೇಳುವುದಿಲ್ಲ. ಫಲಿತಾಂಶ ಬಂದ ಮರುದಿನ ಅದೇ ಜೀಪು ಇವನ ಮುಖಕ್ಕೆ ಧೂಳು ಎರಚಿಕೊಂಡು ಹೋಗುತ್ತದೆ. ಅಪ್ಪ ಸಾಲಕ್ಕೆ ಜೀತವಿದ್ದ, ಮಗ ಶಾಲಿಗೆ ಜೀತವಿದ್ದಾನೆ. ಅಪ್ಪನ ಜೀತ ರದ್ದಾಯಿತೆಂದು 1976ರ ಕಾಯ್ದೆ ಹೇಳುತ್ತದೆ. ಮಗನ ಈ ಇಪ್ಪತ್ತು ದಿನದ ಜೀತಕ್ಕೆ ಯಾವ ಕಾಯ್ದೆಯೂ ಇಲ್ಲ.

ಗೆಳೆಯರೇ, ಚುನಾವಣೆಯ ಕೆಲಸ ಮಾಡಬೇಡಿ ಎಂದು ನಾವು ಹೇಳುತ್ತಿಲ್ಲ. ಮಾಡಿ. ಆದರೆ ಅವರ ಮೆರವಣಿಗೆಯಲ್ಲಲ್ಲ, ನಿಮ್ಮ ಕೇರಿಯೊಳಗೆ ಮಾಡಿ. ಬಾವುಟ ಹಿಡಿಯಲು ಅವರಿಗೆ ಸಾವಿರ ಕೈ ಸಿಗುತ್ತವೆ. ಕೇರಿಯ ಮತದಾರರ ಪಟ್ಟಿ ಹಿಡಿದು ಮನೆ ಮನೆ ಹತ್ತುವ ಕೈ ನಮ್ಮಲ್ಲೇ ಹುಟ್ಟಬೇಕು.

ಈ ವೋಟು ಯಾರ ಮನೆಯ ದಾನವೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ ಇದ್ದವನಿಗೆ, ತೆರಿಗೆ ಕಟ್ಟಿದವನಿಗೆ, ಓದಿದವನಿಗೆ ಮಾತ್ರ ಮತ. ವಯಸ್ಕರೆಲ್ಲರಿಗೂ ಮತ ಕೊಡಿ ಎಂದು ಬಾಬಾಸಾಹೇಬರು 1928ರಲ್ಲೇ ಸೈಮನ್ ಆಯೋಗದ ಮುಂದೆ ಕೇಳಿದರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರ ಕೈಗೆ ಬಂದು ಪೂನಾ ಒಪ್ಪಂದದಲ್ಲಿ ಕೈ ತಪ್ಪಿತು. ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನ ಸಿಕ್ಕವು. ಸ್ಥಾನ ನಮ್ಮದು, ಆರಿಸುವವರು ಎಲ್ಲರೂ. ಸಂವಿಧಾನ ಬರೆದ ಆ ಮನುಷ್ಯನೇ 1952ರಲ್ಲಿ ಮುಂಬಯಿಯಲ್ಲಿ ಸೋತರು, 1954ರಲ್ಲಿ ಭಂಡಾರಾ ಉಪಚುನಾವಣೆಯಲ್ಲಿ ಮತ್ತೆ ಸೋತರು. ಇವತ್ತು ಕರ್ನಾಟಕದ 224 ಶಾಸಕ ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೆಕ್ಕ ಸರಿಯಾಗಿದೆ. ಆದರೆ ಅಲ್ಲಿ ಗೆದ್ದು ಕೂತವನು ಯಾರ ಮುಖ ನೋಡಿ ಮಾತಾಡುತ್ತಾನೆ? ಟಿಕೆಟ್ ಕೊಟ್ಟವನ ಮುಖ ನೋಡಿ, ಊರ ಯಜಮಾನರ ಮುಖ ನೋಡಿ. ಕೇರಿ ಚದುರಿ ನಿಂತಿರುವವರೆಗೆ ಅವನಿಗೆ ಕೇರಿಯ ಭಯವಿಲ್ಲ. ಭಯವಿಲ್ಲದ ಕಡೆ ಉತ್ತರವೂ ಇಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಪಟ್ಟಿಯಿಂದ.

ಕಲಬುರಗಿ ಜಿಲ್ಲೆಯ ಆಳಂದವನ್ನು ನೋಡಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ 6,018 ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ ಅರ್ಜಿಗಳು ಬಿದ್ದವು. ಮನೆ ಬಾಗಿಲಿಗೆ ಹೋಗಿ ವಿಚಾರಿಸಿದರೆ ನಿಜವಾಗಿ ತೆಗೆಯಬೇಕಾದವು 24. ಮಿಕ್ಕ 5,994 ಸುಳ್ಳು. 2023ರ ಫೆಬ್ರುವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. 2018ರಲ್ಲಿ ಅದೇ ಆಳಂದದಲ್ಲಿ ಗೆಲುವಿನ ಅಂತರ ಎಷ್ಟಿತ್ತು ಗೊತ್ತೇ? 697 ಮತ! ಭಾಷಣವಿಲ್ಲ, ಹೆಂಡವಿಲ್ಲ, ದೊಣ್ಣೆಯಿಲ್ಲ. ಎಲ್ಲೋ ಕೂತು ಗುಂಡಿ ಒತ್ತಿದರೆ ಊರಿಗೆ ಊರೇ ಪಟ್ಟಿಯಿಂದ ಮಾಯ. ಮೊದಲು ಮತಗಟ್ಟೆ ದಾರಿಯಲ್ಲಿ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು, ಈಗ ಪಟ್ಟಿಯ ಬಾಗಿಲಲ್ಲೇ ನಿಲ್ಲುತ್ತಾರೆ.

ಬಿಹಾರದಲ್ಲಿ 2025ರಲ್ಲಿ ಪಟ್ಟಿ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಸತ್ತಿದ್ದಾರೆ, ವಲಸೆ ಹೋಗಿದ್ದಾರೆ, ಎರಡು ಕಡೆ ಇದ್ದಾರೆ ಎಂಬುದು ಕೊಟ್ಟ ಕಾರಣ. ಯಾರ ಹೆಸರು ಯಾವ ಕಾರಣಕ್ಕೆ ಹೋಯಿತು ಎಂದು ಪ್ರಕಟಿಸಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

'ವಲಸೆ ಹೋಗಿದ್ದಾರೆ' ಎಂಬ ಈ ಮಾತಿಗೆ ನಮ್ಮ ಜನರಷ್ಟು ಸುಲಭವಾಗಿ ಸಿಗುವವರು ಯಾರು? ರಾಯಚೂರು, ಯಾದಗಿರಿ, ಕಲಬುರಗಿಯ ಹಟ್ಟಿಗಳಿಗೆ ಬೇಸಿಗೆಯಲ್ಲಿ ಹೋಗಿ ನೋಡಿ. ಬಾಗಿಲಿಗೆ ಬೀಗ, ಒಳಗೆ ಮುದುಕಿ. ದುಡಿಯುವವರೆಲ್ಲ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ. ಬೀಗ ನೋಡಿದವನು 'ಇಲ್ಲಿಲ್ಲ' ಅಂತ ಗೀಚಿ ಹೋಗುತ್ತಾನೆ. ಆದರೆ ಕಾನೂನು ಏನು ಹೇಳುತ್ತದೆ? ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಒಬ್ಬ ಮನುಷ್ಯ ಆ ಊರಿನ ವಾಸಿ ಅಲ್ಲ ಎಂದಾಗುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲೇ ಇದಿದೆ. ಊರಲ್ಲಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಯ ಮಾತು ಕೇಳಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಗುಳೆ ಹೋದವನಿಗೆ ಇದು ಗೊತ್ತಿಲ್ಲ. ಗೊತ್ತಿರುವವನಿಗೆ ಗುಳೆ ಇಲ್ಲ. ಈ ಇಬ್ಬರ ನಡುವೆ ನಿಲ್ಲುವವನೇ ನಮ್ಮ ಕಾರ್ಯಕರ್ತ.

ಅವನ ಕೆಲಸ ಬಹಳ ಸರಳ. ಮತಗಟ್ಟೆಯ ಪಟ್ಟಿ ತರುವುದು. ಕೇರಿಯ ಒಂದೊಂದು ಮನೆಯ ಮುಂದೆ ನಿಂತು ಹೆಸರು ಓದುವುದು. ಹೆಸರಿಲ್ಲದ ಹದಿನೆಂಟು ತುಂಬಿದವರಿಗೆ ನಮೂನೆ 6. ಹೆಸರು ಗಂಡನದ್ದಾಗಿ ಫೋಟೋ ಪಕ್ಕದ ಮನೆಯವನದ್ದಾಗಿದ್ದರೆ ನಮೂನೆ 8. ಯಾರ ಮೇಲಾದರೂ ನಮೂನೆ 7 ಬಿದ್ದಿದೆಯೇ, ಅಂದರೆ ಹೆಸರು ತೆಗೆಯಲು ಅರ್ಜಿ ಬಂದಿದೆಯೇ ಎಂದು ನೋಂದಣಾಧಿಕಾರಿಯ ಕಚೇರಿಯಲ್ಲಿ ಕೇಳುವುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆ ಮುಗಿಯುವತನಕ ಪಟ್ಟಿಗೆ ಹೆಸರು ಸೇರುವುದಿಲ್ಲ. ಜೀಪು ಕೇರಿಗೆ ಬರುವ ಹೊತ್ತಿಗೆ ಬಾಗಿಲು ಮುಚ್ಚುತ್ತಿರುತ್ತದೆ. ಆದ್ದರಿಂದ ಜೀಪಿಗಿಂತ ಮೊದಲು ನಾವು ಬರಬೇಕು.

ಪಟ್ಟಿ ಓದುವಾಗ ಹೊಲಗೇರಿಯಲ್ಲಿ ನಿಂತು ಮಾದಿಗರ ಹಟ್ಟಿ ಬಿಡಬೇಡಿ, ಮಾದಿಗರ ಹಟ್ಟಿ ಓದಿ ಅಲೆಮಾರಿಗಳ ಗುಡಾರ ಬಿಡಬೇಡಿ. ಎಡ-ಬಲ ಎಂದು ನಮ್ಮ ನಡುವೆ ಗೆರೆ ಎಳೆದು ಎರಡೂ ಕಡೆ ಬಾವುಟ ಮಾರುವವರು ಕಾಯುತ್ತಾ ಕೂತಿದ್ದಾರೆ. ಹೆಂಗಸರು ಕೂಲಿಯಿಂದ ಬಂದು ಒಲೆ ಹಚ್ಚುವ ಹೊತ್ತಲ್ಲಿ ಸಭೆ ಕರೆದು 'ಹೆಂಗಸರು ಬರೋದಿಲ್ಲ ಕಣ್ರಿ' ಅನ್ನಬೇಡಿ. ಅವರಿಗೆ ಅನುಕೂಲವಾದ ಹೊತ್ತಿಗೆ ಸಭೆ ಕರೆಯಿರಿ.

ಒಂದು ಎಚ್ಚರಿಕೆ. ಮನೆ ಬಾಗಿಲಿಗೆ ಮೊಬೈಲು ಹಿಡಿದು ಬಂದವರೆಲ್ಲ ಸೇವಕರಲ್ಲ. ಬೆಂಗಳೂರಿನಲ್ಲಿ 2022ರಲ್ಲಿ ಮತದಾರರ ಜಾಗೃತಿಯ ಹೆಸರಿನಲ್ಲಿ ಅನುಮತಿ ಪಡೆದ ಒಂದು ಸಂಸ್ಥೆಯ ಜನ, ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆ ಮನೆಯ ವಿವರ ಎತ್ತಿದರೆಂಬ ಆರೋಪ ಬಂತು. ಚುನಾವಣಾ ಆಯೋಗ ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಿಸಿತು. ಆದ್ದರಿಂದ ನಮ್ಮ ಹುಡುಗರು ಪಟ್ಟಿ ಓದಲಿ, ಅರ್ಜಿ ಬರೆದುಕೊಡಲಿ. ಯಾರ ಆಧಾರ್ ನಂಬರನ್ನೂ ತಮ್ಮ ಫೋನಿನಲ್ಲಿ ಇಟ್ಟುಕೊಳ್ಳಬಾರದು. ಯಾರ ಗುರುತಿನ ಚೀಟಿಯನ್ನೂ 'ಆಮೇಲೆ ಕೊಡ್ತೀನಿ' ಅಂತ ತಗೊಂಡು ಹೋಗಬಾರದು.

ಇನ್ನು ಮೇಷ್ಟ್ರುಗಳಿಗೆ ಒಂದು ಮಾತು. ಹಳ್ಳಿಯ ಎಷ್ಟೋ ಮತಗಟ್ಟೆಗಳಲ್ಲಿ ಬಿಎಲ್‌ಓ ಆಗಿರುವವರು ನೀವೇ. ನೀವು ಸರ್ಕಾರಿ ನೌಕರರು, ಯಾವ ಪಕ್ಷದ ಪರವಾಗಿಯೂ ನಿಲ್ಲುವಂತಿಲ್ಲ. ನಿಲ್ಲಿ ಎಂದು ನಾವು ಕೇಳುವುದೂ ಇಲ್ಲ. ಕೇಳುವುದು ಒಂದೇ: ಪಟ್ಟಿ ಹಿಡಿದು ಬಂದಾಗ ಕೇರಿಯೊಳಗೆ ಕಾಲಿಡುತ್ತೀರಾ? ಅಥವಾ ಊರಬಾಗಿಲ ಹೋಟೆಲಿನಲ್ಲಿ ಕೂತು, ಚಾ ಕುಡಿಯುತ್ತಾ, 'ಆ ಕಡೆಯೋರು ಯಾರ್ ಯಾರ್ ಇದಾರಪ್ಪಾ' ಅಂತ ಯಜಮಾನನ ಬಾಯಿಂದ ಕೇಳಿ ಬರೆದುಕೊಳ್ಳುತ್ತೀರಾ? ನಿಮ್ಮ ಪೆನ್ನು ಆ ಹೋಟೆಲಿನಲ್ಲಿ ತೆರೆದರೆ ಕೇರಿಯ ಬಾಯಿ ಮುಚ್ಚುತ್ತದೆ. ಕರಡು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಅಷ್ಟು ಮಾಡಿದರೆ ಸಾಕು, ಅದೇ ದೊಡ್ಡ ಕ್ರಾಂತಿ.

ಮತದಾನದ ದಿನ ಬಂತು ಅನ್ನಿ. ಶಾಲು ಹೊದ್ದವನು ಮತಗಟ್ಟೆಯಿಂದ ದೂರ ಟೇಬಲ್ ಹಾಕಿ ಚೀಟಿ ಹಂಚುತ್ತಾನೆ. ಒಳಗೆ ಏಜೆಂಟಾಗಿ ಕೂರುವವನು ಯಾರು? ಊರವನು. ಇದನ್ನು ಬದಲಾಯಿಸಿ. ಬೆಂಬಲ ಕೇಳಿ ಬಂದ ಅಭ್ಯರ್ಥಿಗೆ ಮೊದಲ ಷರತ್ತೇ ಇದಾಗಲಿ: ನಮ್ಮ ಮತಗಟ್ಟೆಯ ಏಜೆಂಟ್ ನಮ್ಮ ಕೇರಿಯ ಹುಡುಗಿ ಅಥವಾ ಹುಡುಗ. ಮತದಾನಕ್ಕೆ ಮುಂಚೆ ಏಜೆಂಟರ ಮುಂದೆ ಅಣಕು ಮತದಾನ ನಡೆಯುತ್ತದೆ, ಕನಿಷ್ಠ 50 ಮತ ಹಾಕಿ ತೋರಿಸಬೇಕು. ಅದನ್ನು ಕಣ್ಣಾರೆ ನೋಡಬೇಕು. ಸಮಯ ಮುಗಿದಾಗ ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಚೀಟಿ ಕೊಟ್ಟು ಮತ ಹಾಕಿಸಬೇಕು, ಯಾರನ್ನೂ ಹಿಂದಕ್ಕೆ ಅಟ್ಟುವಂತಿಲ್ಲ. ನಿನ್ನ ವೋಟು ಆಗಲೇ ಬಿದ್ದಿದೆ ಹೋಗು ಅಂದರೆ ತಲೆ ತಗ್ಗಿಸಿ ಬರಬೇಡಿ. ತಾನೇ ಆ ಮತದಾರನೆಂದು ತೋರಿಸಿದವನಿಗೆ ಬೇರೆ ಮತಪತ್ರ ಕೊಡಬೇಕೆಂದು 1961ರ ನಿಯಮವಿದೆ. ಆ ಮತ ಅಂದಿನ ಎಣಿಕೆಗೆ ಬರುವುದಿಲ್ಲ. ಆದರೆ ಕಳ್ಳತನ ನಡೆಯಿತೆಂಬುದಕ್ಕೆ ಸರ್ಕಾರಿ ದಾಖಲೆಯಾಗಿ ಉಳಿಯುತ್ತದೆ. ಕೊನೆಗೆ ನಮೂನೆ 17ಸಿ. ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ ಅದು. ಅದರ ಪ್ರತಿ ಏಜೆಂಟನ ಹಕ್ಕು. ಕೈಗೆ ಬಾರದೆ ಎದ್ದು ಬರಬೇಡಿ.

ಕೇರಿಯ ಎದೆಯಲ್ಲಿ ಒಂದು ಭಯವಿದೆ, ಅದನ್ನು ಮುಚ್ಚಿಡಬಾರದು. ಒಬ್ಬೊಬ್ಬರ ವೋಟು ಗುಟ್ಟು, ನಿಜ. ಆದರೆ ಮತಗಟ್ಟೆಯ ವೋಟು ಗುಟ್ಟಲ್ಲ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂಬುದು ಎಣಿಕೆಯ ದಿನವೇ ಬಯಲು. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹಲವು ಯಂತ್ರಗಳ ಮತ ಕೂಡಿಸಿ ಎಣಿಸುವ ಟೋಟಲೈಸರ್ ತರಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗ 2015ರಲ್ಲಿ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾಕೆ ಒಪ್ಪಬೇಕು ಹೇಳಿ? ಯಾವ ಕೇರಿಗೆ ನೀರು ನಿಲ್ಲಿಸಬೇಕು, ಯಾವ ಕೇರಿಗೆ ಕೂಲಿ ತಪ್ಪಿಸಬೇಕು ಎಂದು ತಿಳಿಯುವುದು ಈ ಲೆಕ್ಕದಿಂದಲೇ ಅಲ್ಲವೇ?

ಇದಕ್ಕೂ ಕಾನೂನಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಇಂಥವನಿಗೇ ಮತ ಹಾಕು ಎಂದು ದಲಿತನನ್ನು ಬೆದರಿಸುವುದು ಅಪರಾಧ, ನಾಮಪತ್ರ ಹಾಕದಂತೆ ತಡೆಯುವುದು ಅಪರಾಧ. ಮತದಾನದ ನಂತರ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಹೆದರಿಸುವುದು ಕೂಡ ಅಪರಾಧವೆಂದು 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಆದರೆ ಕಾಯ್ದೆ ಪುಸ್ತಕದಲ್ಲಿ ಮಲಗಿರುತ್ತದೆ. ಒಂಟಿ ಮನೆ ಠಾಣೆಗೆ ಹೋದರೆ ಅದು ಏಳುವುದಿಲ್ಲ, ಇಡೀ ಕೇರಿ ಹೋದರೆ ಏಳುತ್ತದೆ. ಮತದಾನದ ದಿನ ಕಟ್ಟಿದ ಸಂಘಟನೆ ಬೇಕಾಗುವುದು ಮತದಾನದ ಮರುದಿನವೇ.

'ಚುನಾವಣೆ ಆಳುವವರ ಆಟ, ನಮಗ್ಯಾಕೆ' ಎನ್ನುವ ಶುದ್ಧ ಕ್ರಾಂತಿಕಾರಿ ಗೆಳೆಯರಿದ್ದಾರೆ. ಆಟ ಅವರದೇ ಇರಬಹುದು. ಆದರೆ ತಮಿಳುನಾಡಿನ ಮೇಲವಳವಿನಲ್ಲಿ ಪಂಚಾಯಿತಿ ಅಧ್ಯಕ್ಷನಾಗಿ ಗೆದ್ದ ದಲಿತ ಮುರುಗೇಶನ್ ಮತ್ತು ಅವರ ಜೊತೆಗಿದ್ದ ಹಲವರನ್ನು 1997ರಲ್ಲಿ ಕೊಂದರಲ್ಲ, ಬರೀ ಆಟಕ್ಕೆ ಕೊಲ್ಲುತ್ತಾರೆಯೇ? ನಮ್ಮ ರಾಜ್ಯದಲ್ಲೇ 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಮುಂಚೆ ಹಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂತು. ಬೆಲೆಯಿಲ್ಲದ ವಸ್ತುವನ್ನು ಯಾರಾದರೂ ಹರಾಜು ಕೂಗುತ್ತಾರೆಯೇ? ಅವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತಿದೆ.

'ನಮ್ಮ ಜಾತಿಯವನು ನಿಂತಿದ್ದಾನೆ, ಮುಗೀತು' ಎನ್ನುವವರೂ ಇದ್ದಾರೆ. ಮುಗಿಯಲಿಲ್ಲ ಸ್ವಾಮಿ. ಅವನನ್ನು ಕೇರಿಗೆ ಕರೆದು ಕೂರಿಸಿ, ಪರಿಶಿಷ್ಟರಿಗಿಟ್ಟ ಹಣ ಬೇರೆ ಕಡೆ ಹರಿದಾಗ ಸದನದಲ್ಲಿ ಬಾಯಿ ಬಿಡುತ್ತೀಯಾ ಎಂದು ಎಲ್ಲರ ಮುಂದೆ ಕೇಳಿ. ಉತ್ತರ ಬರೆಸಿಕೊಳ್ಳಿ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ದಲಿತರಿಗೆ ಮಂಜೂರಾದ ಭೂಮಿ ಕೈ ತಪ್ಪದಿರಲೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಬಂದಿರಿ ಎಂಬ ಕಾರಣಕ್ಕೆ ನಮ್ಮವರ ಅರ್ಜಿಗಳು ನ್ಯಾಯಾಲಯಗಳಲ್ಲಿ ಬೀಳತೊಡಗಿದವು. ಭೂಮಿ ಕಳಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ಚುನಾವಣೆ 2023ರ ಮೇ ತಿಂಗಳಲ್ಲಿ ಆಯಿತು. ಜುಲೈನಲ್ಲಿ, ಕಾಲಮಿತಿ ಇಲ್ಲವೆಂಬ ತಿದ್ದುಪಡಿ ಸದನದಲ್ಲಿ ಪಾಸಾಯಿತು. ಅದು ಮೆರವಣಿಗೆಯಲ್ಲಿ ಕುಣಿದವರಿಗೆ ಸಿಕ್ಕ ಬಹುಮಾನವಲ್ಲ, ಚುನಾವಣೆಯ ಹೊಸ್ತಿಲಲ್ಲಿ ಎದ್ದು ಹೋಗದೆ ಕೂತವರು ಕಿತ್ತುಕೊಂಡದ್ದು.

ಆದ್ದರಿಂದ ಓದುವ ಹುಡುಗ ಹುಡುಗಿಯರೇ, ಈ ಸಂಚಿಕೆ ಓದಿ ಮಡಚಿಟ್ಟು ನಿಟ್ಟುಸಿರು ಬಿಡಬೇಡಿ. ರಜೆಗೆ ಊರಿಗೆ ಹೋದಾಗ ನಿಮ್ಮ ಮತಗಟ್ಟೆಯ ಪಟ್ಟಿ ತನ್ನಿ. ಕೇರಿಗೆ ಇಬ್ಬರು ಸಾಕು, ಒಬ್ಬಳು ಓದಲಿ, ಒಬ್ಬ ಬರೆಯಲಿ. ಗುಳೆ ಹೋದವರ ಫೋನ್ ನಂಬರನ್ನು ಅವರ ಮನೆಯವರ ಹತ್ತಿರವೇ ಬರೆಸಿಟ್ಟು, ಮತದಾನದ ದಿನ ಸಂಬಳ ಸಹಿತ ರಜೆ ಅವರ ಹಕ್ಕೆಂದು ತಿಳಿಸಿ. ಚುನಾವಣೆ ಮುಗಿದ ಮೇಲೆ ಅದೇ ಪಟ್ಟಿ ಹಿಡಿದು ಅದೇ ಜನರನ್ನು ಗ್ರಾಮಸಭೆಗೆ ಕರೆದುಕೊಂಡು ಹೋಗಿ. ಸ್ಮಶಾನ ಕೇಳಿ, ನೀರು ಕೇಳಿ, ನಿವೇಶನದ ಹಕ್ಕುಪತ್ರ ಕೇಳಿ.

ಜೀಪು ಮತ್ತೆ ಬರುತ್ತದೆ. 'ಕಾರ್ಯಕರ್ತರು ಬೇಕು' ಅನ್ನುತ್ತದೆ. ಬಂದವರನ್ನು ಕೂರಿಸಿ, ನೀರು ಕೊಡಿ. ಆಮೇಲೆ ಪಟ್ಟಿ ತೆಗೆದು ಮುಂದಿಟ್ಟು ಹೇಳಿ: ಇದು ನಮ್ಮ ಕೇರಿ, ಇಷ್ಟು ಜನ ಇದ್ದೀವಿ, ಒಬ್ಬರ ಹೆಸರೂ ಬಿಟ್ಟಿಲ್ಲ. ಈಗ ಮಾತಾಡಿ.