ಬಾಯಿಪಾಠದ ಇಂಗ್ಲಿಷ್ ಸಾಲದು

ಉನ್ನತ ಶಿಕ್ಷಣಕ್ಕೋ ಶುಶ್ರೂಷಾ ವೃತ್ತಿಗೋ ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೋಗಬಯಸುವ ನಮ್ಮ ಜಿಲ್ಲೆಯ ಯುವಜನರು ಐಇಎಲ್‌ಟಿಎಸ್‌ನಂತಹ ಇಂಗ್ಲಿಷ್ ಪರೀಕ್ಷೆಯನ್ನು ದಾಟಬೇಕು. ಅದರ ಫಲಿತಾಂಶಕ್ಕೆ ಸಾಮಾನ್ಯವಾಗಿ 2 ವರ್ಷಗಳ ಮಾನ್ಯತೆ ಮಾತ್ರ. ಹೆತ್ತವರು ಬೆವರಿನ ಹಣದಿಂದ ಶುಲ್ಕ ತೆರುತ್ತಾರೆ. ಮಕ್ಕಳೋ ಸಿದ್ಧ ಉತ್ತರಗಳ ಬಾಯಿಪಾಠವನ್ನೇ ತಯಾರಿಯೆಂದು ಭಾವಿಸುತ್ತಾರೆ.

ಕಂಠಪಾಠವನ್ನು ನಾವು ಕೀಳೆಣಿಸುವುದಿಲ್ಲ. ಕುರ್‌ಆನ್ ಹೃದಯಗಳಲ್ಲಿ ಸಂರಕ್ಷಿತವಾಗಿರುವುದು ಅದರಿಂದಲೇ. ಆದರೆ ಈ ಪರೀಕ್ಷಕರು ಬಯಸುವುದು ಅಭ್ಯರ್ಥಿಯ ಸ್ವಂತ ಮಾತನ್ನು. ಸಂಭಾಷಣೆಯ ವಿಭಾಗದಲ್ಲಿ 1 ನಿಮಿಷ ಯೋಚಿಸಿ, ಕೊಟ್ಟ ವಿಷಯದ ಕುರಿತು 2 ನಿಮಿಷಗಳವರೆಗೆ ಮಾತನಾಡಬೇಕು. ಅಲ್ಲಿ ಕಾಣದ ಲಂಡನ್ನಿನ ವರ್ಣನೆಯೇಕೆ? ಇಳಕಲ್ಲಿನ ಹುಡುಗಿ ಸೀರೆಯ ಒಡಲಿಗೆ ಸೆರಗನ್ನು ಬೆಸೆಯುವ ಕೊಂಡಿಯನ್ನು, ಬಾದಾಮಿಯವಳು ಕೆಂಗಲ್ಲಿನ ಗುಹೆಗಳನ್ನು, ಹುನಗುಂದದವನು ಕೃಷ್ಣಾ-ಮಲಪ್ರಭೆಯರ ಸಂಗಮವನ್ನು, ಬಾಗಲಕೋಟೆಯವನು ಆಲಮಟ್ಟಿಯ ಹಿನ್ನೀರಿನಿಂದ ಮನೆ ತೊರೆದು ನವನಗರಕ್ಕೆ ಬಂದ ಹಿರಿಯರನ್ನು ಬಣ್ಣಿಸಲಿ. ಮೊದಲು ಕನ್ನಡದಲ್ಲೋ ಉರ್ದುವಿನಲ್ಲೋ ವಿಚಾರ ತಿಳಿಯಾಗಲಿ. ಬಳಿಕ ದಿನವೂ ಅದನ್ನೇ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳಲಿ, ಬರೆದು ತಿದ್ದಿಕೊಳ್ಳಲಿ.

ಪ್ರವಾದಿ(ಸ)ಯವರ ಆದೇಶದಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಲಿಪಿಯನ್ನು ಕಲಿತದ್ದು ಅವರ ಪತ್ರಗಳನ್ನು ಓದಿ, ಉತ್ತರ ಬರೆಯುವುದಕ್ಕಾಗಿ. ಪರಭಾಷೆಯ ಕಲಿಕೆಗೆ ಅದೇ ಗುರಿ: ಅನ್ಯರ ಮಾತನ್ನು ಅರಿಯುವುದು, ನಮ್ಮ ಮಾತನ್ನು ಅರುಹುವುದು.